ನ್ಯಾನೊ ಔಷಧಿ: ಎಷ್ಟು ನಂಬಬೇಕು, ಏನು ಕೇಳಬೇಕು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕೂ ತಾಲ್ಲೂಕುಗಳಿಂದ, ಅಂದರೆ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಿಂದ ಇಂದು ಜನ ಬಂದಿದ್ದೀರಿ. ಗೋಷ್ಠಿಯನ್ನು ನಡೆಸುತ್ತಿರುವ ಮೇಷ್ಟ್ರು ನನಗೆ ಒಂದೇ ಮಾತು ಹೇಳಿದರು: "ನಿನ್ನ ಕೆಲಸಕ್ಕೆ ಹತ್ತಿರದ ವಿಷಯವೇ ಇರಲಿ, ಆದರೆ ಊರಿನವರಿಗೆ ಉಪಯೋಗಕ್ಕೆ ಬರಬೇಕು." ನಾನು ಬಿ.ಇ. ಓದಿದ ಸಾಫ್ಟ್‌ವೇರ್ ಎಂಜಿನಿಯರ್. ವೈದ್ಯನಲ್ಲ. ಸ್ಕ್ಯಾನ್ ಯಂತ್ರ ತೆಗೆದ ಚಿತ್ರ ವೈದ್ಯರ ಕಣ್ಣಿಗೆ ಸ್ಪಷ್ಟವಾಗಿ ಕಾಣುವಂತೆ ಮಾಡುವ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಆ ಕೆಲಸದ ದಾರಿಯಲ್ಲಿ ಪರಿಚಯವಾದ ಒಂದು ವಿಷಯವನ್ನು ಇಂದು ನಿಮ್ಮ ಮುಂದೆ ಇಡುತ್ತೇನೆ. ಅದು ನ್ಯಾನೊ ಕಣಗಳು, ಅವುಗಳಿಂದ ಮಾಡುವ ಔಷಧಿ, ಮತ್ತು ಅವು ಎಷ್ಟು ಸುರಕ್ಷಿತ ಎಂಬ ಪ್ರಶ್ನೆ.

ನ್ಯಾನೊ ಎಂಬ ಪದ ನಮಗೆ ಹೊಸದಲ್ಲ. ಮೊದಲು ಕಾರಿನ ಹೆಸರಾಗಿ ಕೇಳಿದೆವು. 2021ರಿಂದ ಸೊಸೈಟಿಯಲ್ಲಿ ಅರ್ಧ ಲೀಟರ್ ಬಾಟಲಿಯ ನ್ಯಾನೊ ಯೂರಿಯಾ ನೋಡುತ್ತಿದ್ದೇವೆ. ಈಗ ಔಷಧಿ ಅಂಗಡಿಯಲ್ಲಿ, ಮೊಬೈಲಿನ ಜಾಹೀರಾತಿನಲ್ಲಿ, ನೀರಿನ ಫಿಲ್ಟರಿನ ಡಬ್ಬದ ಮೇಲೆ ಎಲ್ಲೆಲ್ಲೂ ಆ ಪದವಿದೆ. ಹಾಗಾಗಿ ಅದರ ಅರ್ಥ ಮೊದಲು ತಿಳಿಯೋಣ.

ಒಂದು ಮಿಲಿಮೀಟರನ್ನು ಹತ್ತು ಲಕ್ಷ ಭಾಗ ಮಾಡಿದರೆ ಒಂದು ಭಾಗ ಒಂದು ನ್ಯಾನೊಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಅಳತೆಯ ಕಣವನ್ನು ನ್ಯಾನೊ ಕಣ ಎನ್ನುತ್ತಾರೆ. ನಮ್ಮ ರಾಗಿ ಕಾಳು ಸುಮಾರು ಒಂದೂವರೆ ಮಿಲಿಮೀಟರ್ ಇರುತ್ತದೆ. 100 ನ್ಯಾನೊಮೀಟರಿನ ಒಂದು ಕಣವನ್ನು ರಾಗಿ ಕಾಳಿನಷ್ಟು ದೊಡ್ಡದು ಮಾಡಿದೆವು ಎಂದುಕೊಳ್ಳಿ. ಅದೇ ಲೆಕ್ಕದಲ್ಲಿ ರಾಗಿ ಕಾಳನ್ನು ಹಿಗ್ಗಿಸಿದರೆ ಅದು 22 ಮೀಟರ್ ಎತ್ತರವಾಗುತ್ತದೆ, ಅಂದರೆ ಏಳು ಅಂತಸ್ತಿನ ಕಟ್ಟಡದಷ್ಟು. ನಮ್ಮ ರಕ್ತದ ಒಂದು ಕೆಂಪು ಕಣ ಸುಮಾರು 7,000 ನ್ಯಾನೊಮೀಟರ್ ಅಗಲ. ಕೊರೊನಾ ವೈರಸ್ ಸುಮಾರು 100.

ಇಷ್ಟು ಚಿಕ್ಕದಾದರೆ ಏನು ವಿಶೇಷ? ಮಕ್ಕಳೇ, ಒಂದು ಲೆಕ್ಕ ಮಾಡಿ. ಒಂದು ಸೆಂಟಿಮೀಟರ್ ಬದಿಯ ಘನಕ್ಕೆ ಆರು ಮುಖ, ಒಟ್ಟು ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 100 ನ್ಯಾನೊಮೀಟರ್ ಬದಿಯ ಪುಟ್ಟ ಘನಗಳಾಗಿ ಕತ್ತರಿಸಿದರೆ ಎಲ್ಲದರ ಮೇಲ್ಮೈ ಸೇರಿ 60 ಚದರ ಮೀಟರ್ ಆಗುತ್ತದೆ. ಇಪ್ಪತ್ತು-ಮೂವತ್ತರ ಸೈಟಿಗಿಂತ ಸ್ವಲ್ಪ ದೊಡ್ಡದು. ಹತ್ತು ನ್ಯಾನೊಮೀಟರಿಗೆ ಇಳಿಸಿದರೆ ಅಂಥ ಹತ್ತು ಸೈಟು. ವಸ್ತು ಅಷ್ಟೇ, ತೂಕ ಅಷ್ಟೇ, ಆದರೆ ಸುತ್ತಲಿನದರ ಜೊತೆ ವ್ಯವಹರಿಸುವ ಮೈ ಲಕ್ಷಪಟ್ಟು, ಹತ್ತು ಲಕ್ಷಪಟ್ಟು ಹೆಚ್ಚಾಯಿತು. ನ್ಯಾನೊ ಕಣದ ಶಕ್ತಿ ಇರುವುದು ಇಲ್ಲೇ. ಅದರ ಅಪಾಯ ಇರುವುದೂ ಇಲ್ಲೇ. ಈ ಒಂದು ಮಾತು ನೆನಪಿಟ್ಟುಕೊಳ್ಳಿ, ಉಳಿದದ್ದೆಲ್ಲ ಇದರಿಂದಲೇ ಬರುತ್ತದೆ.

ಇದು ಅಮೆರಿಕದ ಪ್ರಯೋಗಾಲಯದ ಕತೆ ಎಂದುಕೊಳ್ಳಬೇಡಿ. ನ್ಯಾನೊ ಕಣ ಆಗಲೇ ನಮ್ಮ ಮನೆಯೊಳಗೆ ಬಂದಾಗಿದೆ. ಆಶಾ ಕಾರ್ಯಕರ್ತೆಯರು ಗರ್ಭ ಪರೀಕ್ಷೆಯ ಕಾರ್ಡು ಕೊಡುತ್ತಾರಲ್ಲ, ಬಹುತೇಕ ಅಂಥ ಕಾರ್ಡುಗಳಲ್ಲಿ ಮೂಡುವ ಕೆಂಪು ಗೆರೆ ಯಾವ ಬಣ್ಣದ ಶಾಯಿಯೂ ಅಲ್ಲ. ಅದು ಚಿನ್ನ. ಕೆಲವು ಹತ್ತು ನ್ಯಾನೊಮೀಟರ್ ಅಳತೆಯ ಚಿನ್ನದ ಕಣಗಳು ಹಳದಿಯಾಗಿ ಕಾಣುವುದಿಲ್ಲ, ಕೆಂಪಾಗಿ ಕಾಣುತ್ತವೆ. 1857ರಲ್ಲಿ ಇಂಗ್ಲೆಂಡಿನ ಮೈಕೆಲ್ ಫ್ಯಾರಡೆ ಚಿನ್ನದಿಂದ ಇಂಥ ಕೆಂಪು ದ್ರವ ಮಾಡಿ ತೋರಿಸಿದ್ದರು. ಕಾರ್ಡಿನಲ್ಲಿ ಆ ಕಣಗಳಿಗೆ ಗರ್ಭದ ಹಾರ್ಮೋನನ್ನು ಹಿಡಿಯುವ ಪ್ರೋಟೀನು ಅಂಟಿಸಿರುತ್ತಾರೆ. ಹಾರ್ಮೋನು ಇದ್ದರೆ ಕಣಗಳು ಒಂದೇ ಕಡೆ ಸಾಲಾಗಿ ನಿಲ್ಲುತ್ತವೆ, ಗೆರೆ ಮೂಡುತ್ತದೆ. ಕೊರೊನಾ ಕಾಲದಲ್ಲಿ ಮೂಗಿಗೆ ಕಡ್ಡಿ ಹಾಕಿ ಸ್ವಲ್ಪ ಹೊತ್ತಿನಲ್ಲೇ ಫಲಿತಾಂಶ ಹೇಳುತ್ತಿದ್ದ ಕಾರ್ಡಿನ ಉಪಾಯವೂ ಇದೇ. ಅದರಲ್ಲಿರುವ ಚಿನ್ನ ಅತ್ಯಲ್ಪ, ಮಾರಲು ಹೋಗಬೇಡಿ. ಈ ಕಣಗಳು ದೇಹದ ಹೊರಗೇ ಇರುವುದರಿಂದ ಸುರಕ್ಷತೆಯ ಚಿಂತೆಯೂ ಇಲ್ಲ.

ದೇಹದ ಒಳಗೆ ಹೋಗುವ ನ್ಯಾನೊ ಕಣದ ವಿಚಾರ ಬೇರೆ. ಅದರಲ್ಲಿ ನಮಗೆ ಅತ್ಯಂತ ಹತ್ತಿರದ್ದು ಗರ್ಭಿಣಿಯರಿಗೆ ಕೊಡುವ ಕಬ್ಬಿಣದ ಡ್ರಿಪ್. ಐರನ್ ಸುಕ್ರೋಸ್ ಅಂತ ಅದರ ಹೆಸರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಮಾತ್ರೆ ಸಾಲದೆ ಹೋದಾಗ, ಅಥವಾ ಹೆರಿಗೆಗೆ ದಿನ ಹತ್ತಿರವಿದ್ದಾಗ, ವೈದ್ಯರು ಈ ಕಂದು ಬಣ್ಣದ ಡ್ರಿಪ್ ಹಾಕಿಸುತ್ತಾರೆ.

ಕಬ್ಬಿಣದ ಉಪ್ಪನ್ನು ಹಾಗೇ ನೇರವಾಗಿ ರಕ್ತಕ್ಕೆ ಬಿಟ್ಟರೆ ಅದು ವಿಷ. ಅದಕ್ಕೇ ಕಬ್ಬಿಣವನ್ನು ಕೆಲವೇ ನ್ಯಾನೊಮೀಟರ್ ಗಾತ್ರದ ಉಂಡೆ ಮಾಡಿ, ಸುತ್ತ ಸಕ್ಕರೆಯ ಹೊದಿಕೆ ಕೊಟ್ಟಿರುತ್ತಾರೆ. ಯಕೃತ್ತು, ಗುಲ್ಮ, ಮೂಳೆಮಜ್ಜೆಗಳಲ್ಲಿ ಕಸ ನುಂಗುವ ಜೀವಕೋಶಗಳಿವೆ. ಅವು ಈ ಉಂಡೆಗಳನ್ನು ನುಂಗಿ, ಕಬ್ಬಿಣವನ್ನು ನಿಧಾನವಾಗಿ ಬಿಡಿಸಿ ರಕ್ತಕ್ಕೆ ಕೊಡುತ್ತವೆ. ಸೊಸೈಟಿಯಿಂದ ಮೂಟೆ ತಂದು ಕಣಜಕ್ಕೆ ಹಾಕಿ, ಬೇಕಾದಾಗ ಸೇರಿನಲ್ಲಿ ಅಳೆದು ತೆಗೆದ ಹಾಗೆ.

"ಕಪ್ಪು ಔಷಧಿ ಹಾಕಿಸಿಕೊಂಡರೆ ಮಗು ಕಪ್ಪಾಗುತ್ತೆ" ಎಂಬ ಮಾತು ನಮ್ಮ ಕಡೆ ಇನ್ನೂ ಇದೆ. ನಮ್ಮ ನೆಂಟರ ಮನೆಯಲ್ಲೇ ಏಳು ತಿಂಗಳ ಬಸುರಿಗೆ ಹಿಮೋಗ್ಲೋಬಿನ್ ಎಂಟಕ್ಕಿಂತ ಕೆಳಗೆ ಇಳಿದಿತ್ತು. ಅತ್ತೆ ಡ್ರಿಪ್ ಬೇಡವೇ ಬೇಡ ಎಂದರು. ಆಶಾ ಕಾರ್ಯಕರ್ತೆ ಮೂರು ಸಲ ಮನೆಗೆ ಬಂದರು. ಮೂರನೇ ಸಲ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಮ್ಮಾ, ಹೆರಿಗೆಯಲ್ಲಿ ಒಂದು ತಂಬಿಗೆ ರಕ್ತ ಹೋದರೆ ಇವಳ ಮೈಯಲ್ಲಿ ಉಳಿಯೋದು ಎಷ್ಟು?" ಅತ್ತೆ ಮಾತನಾಡಲಿಲ್ಲ, ಮಾರನೇ ದಿನ ಸೊಸೆಯ ಜೊತೆ ತಾವೇ ಆಸ್ಪತ್ರೆಗೆ ಹೋದರು. ಕೆಲವು ಸರದಿಗಳಲ್ಲಿ ಡ್ರಿಪ್ ಮುಗಿಯಿತು, ಹೆರಿಗೆ ಸುಸೂತ್ರವಾಯಿತು. ಮಗುವಿನ ಬಣ್ಣ ಅಪ್ಪ-ಅಮ್ಮನಿಂದ ಬರುತ್ತದೆ, ಡ್ರಿಪ್ಪಿನಿಂದ ಅಲ್ಲ.

ಆದರೆ ಡ್ರಿಪ್ ಎಂದರೆ ಎಳನೀರೂ ಅಲ್ಲ. ಅಪರೂಪಕ್ಕೆ ಕೆಲವರಿಗೆ ತುರಿಕೆ, ಉಸಿರಾಟದ ತೊಂದರೆ, ರಕ್ತದೊತ್ತಡ ಕುಸಿಯುವುದು ಆಗಬಹುದು. ಅದಕ್ಕೇ ನಿಧಾನವಾಗಿ ಹರಿಸಬೇಕು, ಮುಗಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸಿ ನೋಡಬೇಕು, ತುರ್ತು ಔಷಧಿ ಕೈಗೆ ಸಿಗುವಂತಿರಬೇಕು. ಮೊದಲ ಮೂರು ತಿಂಗಳಲ್ಲಿ ಕೊಡುವಂತಿಲ್ಲ. ಸೂಜಿ ನರದಿಂದ ಜಾರಿದರೆ ಚರ್ಮದಲ್ಲಿ ಕಂದು ಕಲೆ ಬಹಳ ಕಾಲ ಉಳಿಯುತ್ತದೆ. ಇದಕ್ಕೆ ಮೊದಲಿದ್ದ ಒಂದು ಬಗೆಯ ಕಬ್ಬಿಣದ ಚುಚ್ಚುಮದ್ದಿನಲ್ಲಿ ಇಂಥ ಅಪಾಯ ಹೆಚ್ಚಿತ್ತು. ಹೊದಿಕೆ ಬದಲಾದ ಮೇಲೆ ಕಡಿಮೆಯಾಯಿತು. ಒಳಗಿನ ಕಬ್ಬಿಣ ಅದೇ. ಹೊದಿಕೆಯಿಂದಲೇ ಔಷಧಿಯ ಗುಣ ಬದಲಾಗುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಈಗ ಒಂದೇ ಸರದಿಯಲ್ಲಿ ಮುಗಿಯುವ ಹೊಸ ಬಗೆಯ ಡ್ರಿಪ್‌ಗಳೂ ಬಂದಿವೆ. ಅವನ್ನು ಮಾತ್ರೆಯೊಂದಿಗೆ ಹೋಲಿಸಿ ನೋಡುವ ದೊಡ್ಡ ಅಧ್ಯಯನದಲ್ಲಿ ಬೆಳಗಾವಿಯ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಸಂಶೋಧಕರಿದ್ದರು, ಕರ್ನಾಟಕದ ಮತ್ತು ರಾಜಸ್ಥಾನದ ಸಾವಿರಾರು ಗರ್ಭಿಣಿಯರು ಅದರಲ್ಲಿ ಭಾಗವಹಿಸಿದರು.

ಎರಡನೆಯ ಉದಾಹರಣೆ ನಿಮಗೆ ಇನ್ನೂ ನೆನಪಿರಬೇಕು. 2021ರ ಬೇಸಿಗೆ. ಕೊರೊನಾದಿಂದ ಚೇತರಿಸಿಕೊಂಡ ಕೆಲವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ ಇದ್ದವರಿಗೆ, ಮೂಗು, ಕಣ್ಣು, ದವಡೆಗೆ ಕಪ್ಪು ಶಿಲೀಂಧ್ರ ರೋಗ ಬಂತು. ಅದಕ್ಕೆ ಆಂಫೊಟೆರಿಸಿನ್-ಬಿ ಎಂಬ ಔಷಧಿ ಬೇಕು. ಅದು 1950ರ ದಶಕದಿಂದಲೂ ಇರುವ ಔಷಧಿ, ಶಿಲೀಂಧ್ರವನ್ನು ಕೊಲ್ಲುತ್ತದೆ, ಆದರೆ ಮೂತ್ರಪಿಂಡವನ್ನೂ ಹಾಳು ಮಾಡುತ್ತದೆ. ಅದನ್ನೇ ಲೈಪೊಸೋಮಿನೊಳಗೆ ಇಟ್ಟು ಕೊಟ್ಟರೆ ಮೂತ್ರಪಿಂಡಕ್ಕೆ ಆಗುವ ಹಾನಿ ಬಹಳ ಕಡಿಮೆ.

ಲೈಪೊಸೋಮ್ ಎಂದರೆ ಕೊಬ್ಬಿನ ಅಂಶದಿಂದ ಮಾಡಿದ, ಸುಮಾರು 100 ನ್ಯಾನೊಮೀಟರಿನ ಪುಟ್ಟ ಚೀಲ. 1960ರ ದಶಕದಲ್ಲಿ ಇಂಗ್ಲೆಂಡಿನ ಅಲೆಕ್ ಬ್ಯಾಂಗಮ್ ಅದನ್ನು ಗುರುತಿಸಿದರು. ಒಬ್ಬಟ್ಟು ಮಾಡುವ ತಾಯಂದಿರಿಗೆ ಹೇಳುವುದೇ ಬೇಡ. ಕಣಕ ಸರಿಯಿದ್ದರೆ ಹೂರಣ ಹಂಚಿಗೆ ಅಂಟುವುದಿಲ್ಲ, ಬಾಯಿಗೆ ಬಂದಾಗಲೇ ಬಿಚ್ಚಿಕೊಳ್ಳುತ್ತದೆ. ಇಲ್ಲಿಯೂ ಹಾಗೆ. ಆದರೆ ಈ ಔಷಧಿ ಆಗ ಸಿಗದೆ ಮನೆಯವರು ಅಲೆದಾಡಿದರು. ಲೆಕ್ಕ ನೋಡಿ: ಒಂದು ಕಿಲೋ ತೂಕಕ್ಕೆ ದಿನಕ್ಕೆ 5 ಮಿಲಿಗ್ರಾಂ, 60 ಕಿಲೋ ಮನುಷ್ಯನಿಗೆ 300 ಮಿಲಿಗ್ರಾಂ, ಒಂದು ಸೀಸೆಯಲ್ಲಿ 50. ದಿನಕ್ಕೆ ಆರು ಸೀಸೆ, ಅದೂ ವಾರಗಟ್ಟಲೆ. ಒಳ್ಳೆಯ ಔಷಧಿ ಇದ್ದರೆ ಸಾಲದು, ಅದು ತಾಲ್ಲೂಕಿನವರೆಗೆ ತಲುಪಬೇಕು ಎಂಬುದನ್ನು ಆ ಬೇಸಿಗೆ ಕಲಿಸಿತು.

ಮೂರನೆಯದು ಕ್ಯಾನ್ಸರ್. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗೆ ಹೋಗಿ ಬಂದವರು ನಮ್ಮ ನಾಲ್ಕೂ ತಾಲ್ಲೂಕಿನಲ್ಲಿದ್ದಾರೆ. ಡಾಕ್ಸೊರೂಬಿಸಿನ್ ಎಂಬ ಕ್ಯಾನ್ಸರ್ ಔಷಧಿ ಹೃದಯಕ್ಕೆ ಪೆಟ್ಟು ಕೊಡಬಲ್ಲದು. ಅದನ್ನು ಲೈಪೊಸೋಮಿನಲ್ಲಿಟ್ಟ ಔಷಧಿಗೆ 1995ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, ಹೃದಯಕ್ಕೆ ಆಗುವ ಹಾನಿ ಕಡಿಮೆಯಾಯಿತು. ಆದರೆ ಅಂಗೈ, ಅಂಗಾಲು ಕೆಂಪಾಗಿ ಸುಲಿಯುವ ಬೇರೆ ತೊಂದರೆ ಬಂತು. "ನ್ಯಾನೊ ಔಷಧಿ ನೇರವಾಗಿ ಗಡ್ಡೆಗೇ ಹೋಗಿ ಬಡಿಯುತ್ತದೆ" ಎಂದು ಜಾಹೀರಾತು ಹೇಳಿದರೆ ಪೂರ್ತಿ ನಂಬಬೇಡಿ. ಹತ್ತು ವರ್ಷಗಳ ಪ್ರಾಣಿ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಟೊರಾಂಟೊದ ವಿಜ್ಞಾನಿಗಳು 2016ರಲ್ಲಿ ಲೆಕ್ಕ ಕೊಟ್ಟರು: ಚುಚ್ಚಿದ ಕಣಗಳಲ್ಲಿ ಗಡ್ಡೆಗೆ ಸೇರುವುದು ಸಾಧಾರಣವಾಗಿ ನೂರಕ್ಕೆ 0.7 ಪಾಲು. ಉಳಿದದ್ದರಲ್ಲಿ ಹೆಚ್ಚಿನದು ಯಕೃತ್ತು, ಗುಲ್ಮಗಳ ಪಾಲು. ದಾರಿ ಇನ್ನೂ ಉದ್ದವಿದೆ.

ಇನ್ನು ನನ್ನ ಕೆಲಸಕ್ಕೆ ಹತ್ತಿರದ ವಿಷಯ, ಸ್ಕ್ಯಾನ್. ಎಂಆರ್‌ಐ ಚಿತ್ರದಲ್ಲಿ ಯಕೃತ್ತು ಬೂದು, ಗಡ್ಡೆಯೂ ಬೂದು. ಎರಡನ್ನೂ ಬೇರೆ ಮಾಡುವುದು ಕಷ್ಟ. 1990ರ ದಶಕದಲ್ಲಿ ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣಗಳನ್ನು ಚುಚ್ಚಿ ಸ್ಕ್ಯಾನ್ ಮಾಡುವ ವಿಧಾನ ಬಳಕೆಗೆ ಬಂತು. ಆರೋಗ್ಯವಾಗಿರುವ ಯಕೃತ್ತಿನಲ್ಲಿ ಕಸ ನುಂಗುವ ಕೋಶಗಳಿವೆ, ಅವು ಕಣ ನುಂಗಿ ಚಿತ್ರದಲ್ಲಿ ಕಪ್ಪಾಗುತ್ತವೆ. ಗಡ್ಡೆಯಲ್ಲಿ ಅಂಥ ಕೋಶ ಕಡಿಮೆ, ಅದು ಬೆಳ್ಳಗೇ ಉಳಿಯುತ್ತದೆ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದ ಚುಕ್ಕೆಯಂತೆ ಎದ್ದು ಕಾಣುತ್ತದೆ. ಜೀವಕೋಶಗಳನ್ನೇ ಬಣ್ಣಬಣ್ಣವಾಗಿ ಹೊಳೆಯಿಸುವ ಕ್ವಾಂಟಮ್ ಡಾಟ್ ಎಂಬ ಕಣಗಳಿಗೆ 2023ರ ರಸಾಯನಶಾಸ್ತ್ರದ ನೊಬೆಲ್ ಬಂತು. ಒಂದೇ ವಸ್ತು, ಕಣದ ಗಾತ್ರ ಬದಲಾದರೆ ಬಣ್ಣವೇ ಬದಲು. ಆದರೆ ಅವುಗಳಲ್ಲಿ ಹಲವು ಕ್ಯಾಡ್ಮಿಯಂನಿಂದ ಮಾಡಿದವು, ಕ್ಯಾಡ್ಮಿಯಂ ವಿಷ. ಆದ್ದರಿಂದ ಅವು ಪ್ರಯೋಗಾಲಯದ ಸೂಕ್ಷ್ಮದರ್ಶಕಕ್ಕೆ ಸರಿ, ಮನುಷ್ಯನ ಮೈಗೆ ಅಲ್ಲ.

ಈ ಎಚ್ಚರಿಕೆ ಸುಮ್ಮನೆ ಬಂದದ್ದಲ್ಲ. ಅದರ ಹಿಂದೆ ಒಂದು ದುಃಖದ ಕತೆಯಿದೆ. 1930ರ ಸುಮಾರಿನಿಂದ 1950ರ ದಶಕದವರೆಗೆ ಹಲವು ದೇಶಗಳಲ್ಲಿ ಎಕ್ಸ್-ರೇ ಚಿತ್ರ ಚೆನ್ನಾಗಿ ಬರಲೆಂದು ಥೊರೊಟ್ರಾಸ್ಟ್ ಎಂಬ ದ್ರವವನ್ನು ರೋಗಿಗಳಿಗೆ ಚುಚ್ಚಿದರು. ಅದು ಥೋರಿಯಂ ಆಕ್ಸೈಡಿನ ಅತಿ ಸೂಕ್ಷ್ಮ ಕಣಗಳ ದ್ರವ. ಚಿತ್ರ ಅದ್ಭುತವಾಗಿ ಬರುತ್ತಿತ್ತು. ಚುಚ್ಚಿದ ದಿನ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ ಥೋರಿಯಂ ವಿಕಿರಣ ಸೂಸುವ ವಸ್ತು, ದೇಹ ಅದನ್ನು ಹೊರಗೆ ಹಾಕಲೇ ಇಲ್ಲ, ಯಕೃತ್ತು ಮತ್ತು ಗುಲ್ಮದಲ್ಲಿ ಕುಳಿತುಬಿಟ್ಟಿತು. ಇಪ್ಪತ್ತು, ಮೂವತ್ತು ವರ್ಷಗಳ ಮೇಲೆ ಅನೇಕರಿಗೆ ಯಕೃತ್ತಿನ ಕ್ಯಾನ್ಸರ್ ಬಂತು.

ಇದನ್ನು ಪಾವಗಡದವರಿಗೆ ವಿವರಿಸಿ ಹೇಳಬೇಕಿಲ್ಲ. ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆ ಎಂದು ಕಣ್ಣು ಹೇಳುವುದಿಲ್ಲ, ನಾಲಗೆ ಹೇಳುವುದಿಲ್ಲ. ಒಂದು ದಿನ ಕುಡಿದರೆ ಏನೂ ಆಗುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ, ದೊಡ್ಡವರಿಗೆ ಮಂಡಿ ನೋವು, ಬೆನ್ನು ಬಗ್ಗದ ಸ್ಥಿತಿ. ಒಂದು ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ ಒಂದೂವರೆವರೆಗೆ, ಅದಕ್ಕಿಂತ ಮೀರಬಾರದು ಎಂದು ನಿಯಮವಿದೆ. ಅದೇ ಫ್ಲೋರೈಡ್ ಟೂತ್‌ಪೇಸ್ಟಿನಲ್ಲಿ ಹಲ್ಲು ಕಾಯುತ್ತದೆ. ಹಾಗಾಗಿ "ಒಳ್ಳೆಯದೋ ಕೆಟ್ಟದ್ದೋ" ಎಂಬ ಪ್ರಶ್ನೆ ಅರ್ಧ ಪ್ರಶ್ನೆ. ಎಷ್ಟು, ಯಾವ ದಾರಿಯಲ್ಲಿ, ಎಷ್ಟು ಕಾಲ ಎಂಬುದು ಉಳಿದರ್ಧ. ನ್ಯಾನೊ ಕಣಕ್ಕೂ ಅದೇ ಅಳತೆ.

ದೇಹ ಅದನ್ನು ಹೊರಹಾಕುತ್ತದೆಯೇ ಎಂಬುದು ಮೊದಲ ಪ್ರಶ್ನೆ. ಸುಮಾರು 6 ನ್ಯಾನೊಮೀಟರಿಗಿಂತ ಚಿಕ್ಕ ಕಣ ಮೂತ್ರದಲ್ಲಿ ಹೋಗಬಲ್ಲದು. ದೊಡ್ಡದು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಕರಗುವ ವಸ್ತುವಾದರೆ ಸರಿ. ಕಬ್ಬಿಣ ಕರಗಿ ರಕ್ತವಾಗುತ್ತದೆ, ಕೊಬ್ಬಿನ ಚೀಲ ಕರಗಿ ಕೊಬ್ಬಾಗುತ್ತದೆ. ಕರಗದ ವಸ್ತುವಾದರೆ ಅಲ್ಲೇ ಉಳಿಯುತ್ತದೆ. ಬೆಳ್ಳಿಯ ಕಣ ಬ್ಯಾಕ್ಟೀರಿಯಾ ಕೊಲ್ಲುತ್ತದೆ ನಿಜ, ಸುಟ್ಟ ಗಾಯದ ಮುಲಾಮಿನಲ್ಲಿ ಉಪಯೋಗವಿದೆ. ಅದನ್ನೇ "ರೋಗನಿರೋಧಕ ಶಕ್ತಿ" ಎಂದು ದಿನವೂ ಕುಡಿದರೆ ಚರ್ಮ ನೀಲಿ-ಬೂದು ಬಣ್ಣಕ್ಕೆ ತಿರುಗಬಹುದು, ಮತ್ತೆ ಹೋಗುವುದಿಲ್ಲ. ತಿಂಡಿಗೆ ಬಿಳುಪು ಬರಲೆಂದು ಹಾಕುವ ಟೈಟೇನಿಯಂ ಡೈಆಕ್ಸೈಡನ್ನು ಯುರೋಪಿನ ಒಕ್ಕೂಟ 2022ರಲ್ಲಿ ಆಹಾರದಿಂದ ನಿಷೇಧಿಸಿತು.

ನಮ್ಮಲ್ಲಿ ಇದನ್ನು ನೋಡಿಕೊಳ್ಳುವವರು ಯಾರು? ನ್ಯಾನೊ ಔಷಧಿಗಳನ್ನು ಹೇಗೆ ಪರೀಕ್ಷಿಸಬೇಕು ಎಂದು ಕೇಂದ್ರ ಸರ್ಕಾರ 2019ರ ಅಕ್ಟೋಬರಿನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಹಳೆಯ ಔಷಧಿಯನ್ನೇ ನ್ಯಾನೊ ರೂಪಕ್ಕೆ ತಂದರೂ ಅದನ್ನು ಹಳೆಯದೆಂದು ಬಿಟ್ಟುಬಿಡದೆ ಪರಿಶೀಲಿಸಬೇಕು ಎಂಬುದು ಅದರ ತಿರುಳು. ಆದರೆ ಅದು ಔಷಧಿಗೆ. ಮೊಬೈಲಿನಲ್ಲಿ ತರಿಸಿಕೊಳ್ಳುವ "ನ್ಯಾನೊ" ನೀರು, "ನ್ಯಾನೊ" ಪುಡಿಗಳಿಗೆ ಮೊದಲ ಕಾವಲು ನಾವೇ.

ಆದ್ದರಿಂದ ಹೊಸ ಔಷಧಿ ಎದುರಾದಾಗ ನಾಲ್ಕು ಪ್ರಶ್ನೆ ಕೇಳಿ. ಇದು ಮೈಯಿಂದ ಹೊರಗೆ ಹೋಗುತ್ತದೆಯೇ, ಹೇಗೆ? ನನ್ನಂಥವರಿಗೆ, ಅಂದರೆ ಬಸುರಿ, ಬಾಣಂತಿ, ಸಕ್ಕರೆ ಕಾಯಿಲೆಯವರು, ಮೂತ್ರಪಿಂಡ ಸರಿಯಿಲ್ಲದವರಿಗೆ, ಕೊಟ್ಟು ನೋಡಿದ್ದಾರೆಯೇ? ಕೊಡುವಾಗ ಏನಾದರೂ ಆದರೆ ನೋಡಿಕೊಳ್ಳಲು ಇಲ್ಲಿ ವ್ಯವಸ್ಥೆ ಇದೆಯೇ? ಸೀಸೆಯ ಮೇಲೆ ತಯಾರಕರ ಹೆಸರು, ಪರವಾನಗಿ ಸಂಖ್ಯೆ, ಅವಧಿ ಇದೆಯೇ? ವೈದ್ಯರನ್ನು ಪ್ರಶ್ನೆ ಕೇಳುವುದು ಅಗೌರವವಲ್ಲ. ನಮ್ಮ ವಿಜ್ಞಾನದ ಮೇಷ್ಟ್ರು ತರಗತಿಯಲ್ಲಿ ಕೈ ಎತ್ತದವರನ್ನೇ ಎಬ್ಬಿಸಿ ನಿಲ್ಲಿಸುತ್ತಿದ್ದರು. ಆ ಅಭ್ಯಾಸ ಶಾಲೆಯ ಗೇಟಿನಲ್ಲೇ ಬಿಟ್ಟು ಹೋಗಬೇಡಿ. ಅದೇ ಸಮಯದಲ್ಲಿ, ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕ ಮೇಲೆ ಗಾಳಿಮಾತಿಗೆ ಹೆದರಿ ಔಷಧಿ ಬಿಡಬೇಡಿ. ಅನುಮಾನಕ್ಕೂ ಒಂದು ಡೋಸ್ ಇರುತ್ತದೆ, ಮೀರಿದರೆ ಅದೂ ಪ್ರಾಣಕ್ಕೆ ಮುಳುವೇ.

ಕೊನೆಯದಾಗಿ ಮಕ್ಕಳಿಗೆ ಎರಡು ಮಾತು. ಈ ವಿಜ್ಞಾನ ದೂರದಲ್ಲಿಲ್ಲ. ಭಾರತರತ್ನ ಸಿ.ಎನ್.ಆರ್. ರಾವ್ ಕಟ್ಟಿ ಬೆಳೆಸಿದ ಜವಾಹರಲಾಲ್ ನೆಹರು ಉನ್ನತ ಸಂಶೋಧನಾ ಕೇಂದ್ರ ಬೆಂಗಳೂರಿನ ಜಕ್ಕೂರಿನಲ್ಲಿದೆ. ನ್ಯಾನೊ ಮತ್ತು ಮೃದು ವಸ್ತು ವಿಜ್ಞಾನಗಳ ಕೇಂದ್ರ ದಾಸನಪುರ ಹೋಬಳಿಯ ಶಿವನಪುರದಲ್ಲಿದೆ, ನಮ್ಮ ಬಸ್ಸು ಬೆಂಗಳೂರಿಗೆ ಹೋಗುವ ದಾರಿಯಿಂದ ಬಹಳ ದೂರವಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಂಬರೀಶ್ ಘೋಷ್ ಅವರ ತಂಡ ಸ್ಕ್ರೂ ಆಕಾರದ ನ್ಯಾನೊ ರೋಬೋಗಳನ್ನು ಮಾಡಿ, ಅಯಸ್ಕಾಂತದ ಬಲದಿಂದ ಅವನ್ನು ಹಲ್ಲಿನೊಳಗಿನ ಕೂದಲಿಗಿಂತ ಸಣ್ಣ ನಾಳಗಳಿಗೆ ನುಗ್ಗಿಸಿ, ಬಿಸಿಯಿಂದ ಬ್ಯಾಕ್ಟೀರಿಯಾ ಕೊಲ್ಲಿಸಿದ್ದನ್ನು 2022ರಲ್ಲಿ ಪ್ರಕಟಿಸಿತು. ಆ ಸಂಸ್ಥೆ ವರ್ಷಕ್ಕೊಂದು ದಿನ ಸಾರ್ವಜನಿಕರಿಗೆ ಬಾಗಿಲು ತೆರೆಯುತ್ತದೆ. ಹಳೆಯ ವಿದ್ಯಾರ್ಥಿಗಳ ಸಂಘ ಆ ದಿನಕ್ಕೆ ಒಂಬತ್ತು ಮತ್ತು ಹತ್ತನೇ ತರಗತಿಯ ಮಕ್ಕಳಿಗೆ ಬಸ್ಸು ಮಾಡಿಸಲಿ ಎಂದು ಈ ವೇದಿಕೆಯಿಂದ ಕೇಳಿಕೊಳ್ಳುತ್ತೇನೆ. ಮೊದಲ ವರ್ಷದ ಬಸ್ಸಿನ ಖರ್ಚು ನನ್ನದು.

ಕನ್ನಡ ಮಾಧ್ಯಮದಲ್ಲಿ ಓದಿದರೆ ಇದೆಲ್ಲ ತಲೆಗೆ ಹತ್ತುವುದಿಲ್ಲ ಎಂದು ಯಾರಾದರೂ ಹೇಳಿದರೆ, ಈಗ ತಾನೇ ರಾಗಿ ಕಾಳಿನ ಲೆಕ್ಕ ನಿಮಗೆ ಅರ್ಥವಾಯಿತಲ್ಲ, ಅದನ್ನೇ ಅವರಿಗೆ ಹೇಳಿ.